ಹಳೆಯ ಫೋರ್ ವೀಲ್ ಡ್ರೈವ್ ಪಿಕಪ್ ಎತ್ತರಿಸುವುದು: ಯಾವ ಗಾಡಿಗೆ ಯಾವ ದಾರಿ

ಪಾವಗಡ, ಮಧುಗಿರಿ ಕಡೆಯ ಬಂಡೆ ದಾರಿಯಲ್ಲಿ, ಕೋಲಾರದ ನೀಲಗಿರಿ ಕಡಿದ ಹೊಲಗಳಲ್ಲಿ ಪಿಕಪ್ ಓಡಿಸುವವರಿಗೆ ಗಾಡಿಯ ಹೊಟ್ಟೆ ತಾಗುವ ಸದ್ದು ಹೊಸದಲ್ಲ. ತಾಗಿದ ಕೂಡಲೇ ‘ಎರಡು ಇಂಚು ಎತ್ತಿಸಿಬಿಡೋಣ’ ಎಂದು ಗ್ಯಾರೇಜಿಗೆ ಹೋಗುವುದೂ ವಾಡಿಕೆಯೇ. ಆದರೆ ಹತ್ತು ಹದಿನೈದು ವರ್ಷ ಟೊಮೆಟೊ ಬಾಕ್ಸು, ಸೈಜುಗಲ್ಲು, ತೆಂಗಿನಕಾಯಿ ಹೊತ್ತ ಗಾಡಿಯಲ್ಲಿ ಕಂಪನಿ ಕೊಟ್ಟಿದ್ದ ಎತ್ತರವೇ ಉಳಿದಿರುವುದಿಲ್ಲ. ಹಿಂದಿನ ಸ್ಪ್ರಿಂಗ್ ಪ್ಲೇಟ್‌ಗಳ ಕಮಾನು ಇಳಿದಿರುತ್ತದೆ, ಮುಂದೆ ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಶನ್ ಬಾರ್ ಎಂಬ ಸರಳು ಸೋತಿರುತ್ತದೆ, ಕೀಲುಗಳ ರಬ್ಬರ್ ಬುಷ್‌ಗಳು ಸವೆದಿರುತ್ತವೆ. ಕಳೆದುಹೋದ ಎತ್ತರವನ್ನು ಮೊದಲು ವಾಪಸ್ ತಂದು, ಆಮೇಲೂ ಸಾಲದಿದ್ದರೆ ಮಾತ್ರ ಹೆಚ್ಚುವರಿ ಇಂಚಿನ ಮಾತು ಆಡಬೇಕು. ಬಹಳಷ್ಟು ಗಾಡಿಗಳಿಗೆ ಮೊದಲ ಕೆಲಸವೇ ಸಾಕಾಗುತ್ತದೆ.

ಮೊದಲು ಏನು ತಾಗುತ್ತಿದೆ ನೋಡಿ

ಗಾಡಿಯ ಕೆಳಗೆ ಮಲಗಿ ಗಾಯಗಳನ್ನು ಹುಡುಕಿ. ಹಿಂದಿನ ಡಿಫರೆನ್ಶಿಯಲ್ ಹೌಸಿಂಗ್‌ನ (ಹಿಂದಿನ ಆಕ್ಸಲಿನ ನಡುವಿನ ಗೇರ್ ಗುಂಡು) ತಳ ಹೊಳೆಯುತ್ತಿದ್ದರೆ ಒಂದು ಕಥೆ, ಟ್ರಾನ್ಸ್‌ಫರ್ ಕೇಸನ್ನು (ನಾಲ್ಕೂ ಗಾಲಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಹೊತ್ತ ಚಾಸಿಯ ಅಡ್ಡಪಟ್ಟಿ, ಅಂದರೆ ಕ್ರಾಸ್ ಮೆಂಬರ್ ಉಜ್ಜಿದ್ದರೆ ಇನ್ನೊಂದು, ಬಂಪರಿನ ಮೂಲೆ ಅಥವಾ ಹಿಂದಿನ ಟೋ ಹುಕ್ ಬಾಗಿದ್ದರೆ ಮತ್ತೊಂದು.

ಟ್ರಾಕ್ಟರ್ ಜಾಡಿನ ನಡುವಿನ ದಿಣ್ಣೆಗೋ ನೀಲಗಿರಿ ಬೊಡ್ಡೆಗೋ ತಾಗುವುದು ಸಾಮಾನ್ಯವಾಗಿ ಹಿಂದಿನ ಹೌಸಿಂಗ್. ಇದನ್ನು ಯಾವ ಸ್ಪ್ರಿಂಗ್ ಹಾಕಿದರೂ ಎತ್ತಲಾಗದು. ಹೌಸಿಂಗ್ ಕೂತಿರುವುದು ಗಾಲಿಗಳ ಮೇಲೆ, ಸ್ಪ್ರಿಂಗ್ ಅದರ ಮೇಲೆ. ಸ್ಪ್ರಿಂಗ್ ಎತ್ತರಿಸಿದರೆ ಚಾಸಿ, ಬಾಡಿ ಮೇಲೇರುತ್ತವೆ, ಹೌಸಿಂಗ್ ಇದ್ದಲ್ಲೇ ಇರುತ್ತದೆ. ಅದನ್ನು ಏರಿಸುವುದು ಟೈರ್ ಒಂದೇ. 235/70 ಆರ್16 ಟೈರಿನ ವ್ಯಾಸ ಸುಮಾರು 735 ಮಿ.ಮೀ., 245/75 ಆರ್16ರದ್ದು ಸುಮಾರು 774. ವ್ಯತ್ಯಾಸ 39 ಮಿ.ಮೀ. ಆದರೂ ಹೌಸಿಂಗ್ ಏರುವುದು ಅದರ ಅರ್ಧ, ಅಂದರೆ ಇಪ್ಪತ್ತು ಮಿ.ಮೀ. ಒಳಗೆ. ಜೊತೆಗೆ ಸ್ಪೀಡೋಮೀಟರ್ ಶೇ. 5ರಷ್ಟು ಕಡಿಮೆ ತೋರಿಸುತ್ತದೆ, ಲೋಡ್ ಹಾಕಿ ದಿಬ್ಬ ಹತ್ತುವಾಗ ಒಂದು ಗೇರ್ ಮೊದಲೇ ಇಳಿಸಬೇಕಾಗುತ್ತದೆ. ನಿಮ್ಮ ಮಾದರಿಗೇ ಕಂಪನಿ ಬೇರೆ ಟ್ರಿಮ್‌ನಲ್ಲಿ ಕೊಟ್ಟ ದೊಡ್ಡ ಸೈಜು ಇದ್ದರೆ ಅದನ್ನೇ ಆರಿಸಿ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಒಳಗಿನ ಲೈನರಿಗೆ ಉಜ್ಜುತ್ತದೆಯೇ ಎಂಬ ತಲೆನೋವು ಕಡಿಮೆ.

ತಾಗುತ್ತಿರುವುದು ಕ್ರಾಸ್ ಮೆಂಬರ್, ಡೀಸೆಲ್ ಟ್ಯಾಂಕ್, ಫುಟ್‌ಬೋರ್ಡ್ ಆದರೆ ಸ್ಪ್ರಿಂಗ್ ಎತ್ತರಿಸುವುದರಿಂದ ಲಾಭವಿದೆ. ಕೆರೆ ಏರಿ ಹತ್ತುವಾಗ, ಬದು ದಾಟುವಾಗ ಬಂಪರ್ ಮಾತ್ರ ಗುದ್ದುತ್ತಿದ್ದರೆ ಕೆಳಗಿನ ಪ್ಲಾಸ್ಟಿಕ್ ತುಟಿ ಬಿಚ್ಚುವುದರಿಂದಲೇ ಅರ್ಧ ಸಮಸ್ಯೆ ಮುಗಿಯಬಹುದು.

ಅಳತೆ, ತೂಕ

ಅಳತೆಗೆ ಮಟ್ಟದ ಕಾಂಕ್ರೀಟ್ ನೆಲ ಬೇಕು. ಎಪಿಎಂಸಿ ಯಾರ್ಡ್ ಹತ್ತಿರದ ವೇಬ್ರಿಡ್ಜ್ ಇದಕ್ಕೆ ಒಳ್ಳೆಯ ಜಾಗ, ಎರಡು ಕೆಲಸ ಒಟ್ಟಿಗೆ ಆಗುತ್ತದೆ. ಟೈರ್ ಗಾಳಿ ಸರಿಪಡಿಸಿ, ಗಾಡಿಯನ್ನು ನಾಲ್ಕಡಿ ಹಿಂದೆ ಮುಂದೆ ತಳ್ಳಿ ನಿಲ್ಲಿಸಿ. ನಾಲ್ಕೂ ಕಡೆ ಹಬ್‌ನ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ನೇರ ಎಷ್ಟು ಮಿ.ಮೀ. ಎಂದು ಬರೆದಿಟ್ಟುಕೊಳ್ಳಿ. ನೆಲದಿಂದ ಅಳೆದರೆ ಟೈರ್ ಸವೆತ ಲೆಕ್ಕ ಕೆಡಿಸುತ್ತದೆ. ಆಮೇಲೆ ಮುಂದಿನ ಗಾಲಿ ಮಾತ್ರ ಪ್ಲಾಟ್‌ಫಾರ್ಮ್ ಮೇಲಿಟ್ಟು ಒಂದು ತೂಕ, ಪೂರ್ತಿ ಗಾಡಿ ನಿಲ್ಲಿಸಿ ಇನ್ನೊಂದು. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಹಿಂದಿನ ಆಕ್ಸಲ್ ಮೇಲಿನ ತೂಕ. ಖಾಲಿಯಲ್ಲಿ ಒಮ್ಮೆ, ನೀವು ದಿನಾ ಹಾಕುವ ಲೋಡ್‌ನಲ್ಲಿ ಒಮ್ಮೆ. ಹದಿನೈದು ಕೆಜಿಯ ಅರವತ್ತು ಟೊಮೆಟೊ ಬಾಕ್ಸ್ ಎಂದರೆ 900 ಕೆಜಿ. ಅದರಲ್ಲಿ ಎಷ್ಟು ಹಿಂದಿನ ಆಕ್ಸಲ್ ಮೇಲೆ ಬೀಳುತ್ತದೆ ಎಂಬುದು ತೂಕ ಹಾಕದೆ ತಿಳಿಯುವುದಿಲ್ಲ. ಪ್ಲೇಟ್ ಆರಿಸುವುದು ಈ ಅಂಕಿಯ ಮೇಲೆಯೇ, ಅಂದಾಜಿನ ಮೇಲಲ್ಲ.

ಎಡಕ್ಕೂ ಬಲಕ್ಕೂ 10–12 ಮಿ.ಮೀ. ಮೀರಿ ವ್ಯತ್ಯಾಸವಿದ್ದರೆ ಒಂದು ಪ್ಲೇಟ್ ಒಡೆದಿದೆಯೇ, ಶ್ಯಾಕಲ್ (ಪ್ಲೇಟ್ ಸೆಟ್ಟಿನ ಒಂದು ತುದಿಯನ್ನು ಚಾಸಿಗೆ ತೂಗುಹಾಕುವ ಜೋಡಿ ಪಟ್ಟಿ) ಬುಷ್ ಕಿತ್ತುಹೋಗಿದೆಯೇ ಮೊದಲು ನೋಡಿ. ಸ್ಪ್ರಿಂಗನ್ನು ಚಾಸಿಗೆ ಹಿಡಿದಿರುವ ಹ್ಯಾಂಗರ್ ಸುತ್ತ, ಟಾರ್ಶನ್ ಬಾರ್ ಹಿಡಿದಿರುವ ಕ್ರಾಸ್ ಮೆಂಬರ್ ಸುತ್ತ ಚಾಸಿಯನ್ನು ಸುತ್ತಿಗೆಯಿಂದ ತಟ್ಟಿ. ಕಣ್ ಕಣ್ ಅನ್ನದೆ ದಪ್ ಎಂದರೆ ಒಳಗೆ ತುಕ್ಕು ತಿಂದಿದೆ. ಅಂಥ ಚಾಸಿಗೆ ವೆಲ್ಡಿಂಗ್ ಮುಗಿಯುವವರೆಗೆ ಲಿಫ್ಟ್ ಮಾತೇ ಬೇಡ.

ಕಾನೂನಿನ ಮಾತು ಇಲ್ಲೇ ಮುಗಿಸಿಬಿಡೋಣ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ಕಂಪನಿ ಮೂಲತಃ ನಮೂದಿಸಿದ ವಿವರಗಳಿಗೆ ಆರ್‌ಸಿ ತಾಳೆಯಾಗದಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಹಳದಿ ಬೋರ್ಡ್ ಗಾಡಿ ಎಂಟು ವರ್ಷ ದಾಟಿದ್ದರೆ ವರ್ಷಕ್ಕೊಮ್ಮೆ ಎಫ್‌ಸಿ ಇದ್ದೇ ಇದೆ. ಸೋತ ಸ್ಪ್ರಿಂಗ್ ತೆಗೆದು ಕಂಪನಿ ಅಳತೆಯದ್ದನ್ನೇ ಹಾಕುವುದು ರಿಪೇರಿ, ಅದಕ್ಕೆ ಯಾರೂ ಕೇಳುವುದಿಲ್ಲ. ಅದಕ್ಕಿಂತ ಮೇಲೆ ಹೋಗುವುದಿದ್ದರೆ ಕೆಎ-06, ಕೆಎ-07, ಕೆಎ-40 ಯಾವುದೇ ಇರಲಿ, ನಿಮ್ಮ ಆರ್‌ಟಿಓ ಕಚೇರಿಯಲ್ಲೂ ಇನ್ಶೂರೆನ್ಸ್ ಕಂಪನಿಯಲ್ಲೂ ಲಿಖಿತವಾಗಿ ಕೇಳಿಕೊಂಡೇ ಮುಂದುವರಿಯಿರಿ. ಹೇಳದೆ ಮಾಡಿದ ಬದಲಾವಣೆ ಅಪಘಾತದ ಕ್ಲೇಮಿನಲ್ಲಿ ಎದುರು ನಿಲ್ಲುತ್ತದೆ.

ಹಿಂದೆ: ಪ್ಲೇಟ್ ಸೆಟ್

ಎತ್ತರಿಸಲು ಇಲ್ಲಿ ನಾಲ್ಕು ದಾರಿಗಳಿವೆ. ನಾಲ್ಕೂ ಸಮನಲ್ಲ.

ಹೊಸ ಪ್ಲೇಟ್ ಸೆಟ್ ಎಲ್ಲಕ್ಕಿಂತ ಮೇಲು. ಕಂಪನಿ ಅಳತೆಯ ಹೊಸ ಸೆಟ್ ಹಾಕಿದರೆ ಸೋತ ಎತ್ತರವೆಲ್ಲ ವಾಪಸ್ ಬರುತ್ತದೆ. ಹಳೇ ಪ್ಲೇಟನ್ನೇ ಕಮಾನು ಏರಿಸಿ ಕೊಡುತ್ತೇವೆ ಎನ್ನುವ ಅಂಗಡಿಗಳು ಎಲ್ಲ ಊರಲ್ಲೂ ಇವೆ. ಕಾಯಿಸದೆ ಪ್ರೆಸ್‌ನಲ್ಲಿ ಒತ್ತಿ ಏರಿಸಿದರೆ ಸ್ವಲ್ಪ ಕಾಲ ನಿಲ್ಲುತ್ತದೆ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಡಿದು ಹಾಗೇ ಆರಲು ಬಿಟ್ಟರೆ ಉಕ್ಕಿನ ಹದವೇ ಹೋಗುತ್ತದೆ. ಮತ್ತೆ ಎಣ್ಣೆಯಲ್ಲಿ ಅದ್ದಿ, ಹದವಾಗಿ ಕಾಯಿಸಿ ಟೆಂಪರ್ ಮಾಡದಿದ್ದರೆ ನಾಲ್ಕು ಲೋಡಿಗೇ ಕೂತುಬಿಡುತ್ತದೆ. ‘ಕಾಯಿಸ್ತೀರಾ, ಆಮೇಲೆ ಏನ್ ಮಾಡ್ತೀರಾ?’ ಎಂದು ಅಂಗಡಿಯವರನ್ನು ನೇರವಾಗಿ ಕೇಳಿ.

ಹೆಚ್ಚುವರಿ ಪ್ಲೇಟ್ ಸೇರಿಸುವುದು ಎರಡನೆಯ ದಾರಿ. ಒಂದರಿಂದ ಒಂದೂವರೆ ಇಂಚು ಏರುತ್ತದೆ, ಜೊತೆಗೆ ಸ್ಪ್ರಿಂಗ್ ಗಡಸಾಗುತ್ತದೆ. ದಿನವೂ ಲೋಡ್ ಹೊರುವ ಗಾಡಿಗೆ ಇದೇ ಹೊಂದುತ್ತದೆ. ವಾರದಲ್ಲಿ ಐದು ದಿನ ಖಾಲಿ ಓಡುವ ಗಾಡಿಗೆ ಹಾಕಿದರೆ ಹಿಂದಿನ ಗಾಲಿ ಕುಪ್ಪಳಿಸುತ್ತದೆ, ಜಲ್ಲಿ ರಸ್ತೆಯ ತಿರುವಿನಲ್ಲಿ ಹಿಂಭಾಗ ಜಾರುತ್ತದೆ. ತುಂಬ ಬಾಗಿದ ಗಿಡ್ಡ ಪ್ಲೇಟ್ ಸೇರಿಸಬೇಡಿ. ಅದರ ತುದಿ ಒತ್ತುವ ಜಾಗದಲ್ಲೇ ಮೇಲಿನ ಪ್ಲೇಟ್ ಸೀಳುತ್ತದೆ. ಇನ್ನೊಂದು ಮಾತು: ನಡುವೆ ಸಂದಿ ಬಿಟ್ಟು ಎರಡೋ ಮೂರೋ ದಪ್ಪ ಪ್ಲೇಟ್ ಇರುವ ಪ್ಯಾರಾಬೋಲಿಕ್ ಸೆಟ್ಟಿಗೆ ಮಾಮೂಲಿ ಪ್ಲೇಟ್ ತುರುಕಲೇಬಾರದು. ಆ ಪ್ಲೇಟ್‌ಗಳು ಒಂದಕ್ಕೊಂದು ಉಜ್ಜದೆ ಕೆಲಸ ಮಾಡುವುದಕ್ಕೆಂದೇ ತಯಾರಾದವು.

ಉದ್ದ ಶ್ಯಾಕಲ್ ಅಗ್ಗದ ದಾರಿ. ಲೆಕ್ಕ ಸುಲಭ: ಶ್ಯಾಕಲ್ ಎರಡು ಇಂಚು ಉದ್ದವಾದರೆ ಗಾಡಿ ಏರುವುದು ಒಂದು ಇಂಚು. ಶ್ಯಾಕಲ್ ಹಿಂತುದಿಯಲ್ಲಿದ್ದರೆ ಹೌಸಿಂಗ್‌ನ ಮೂತಿ ಸ್ವಲ್ಪ ಮೇಲಕ್ಕೆ ತಿರುಗುತ್ತದೆ, ಆ ಮೂತಿಗೆ ಎಂಜಿನ್ ಕಡೆಯಿಂದ ಶಕ್ತಿ ತರುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗುತ್ತದೆ. ಒಂದು ಇಂಚು ಏರಿಕೆ ಮೀರಿ ಇದರಲ್ಲಿ ಹೋಗಬೇಡಿ. ಗಾಡಿ ಪಕ್ಕಕ್ಕೆ ವಾಲುವಾಗಿನ ಒತ್ತಡಕ್ಕೆ ಉದ್ದ ಶ್ಯಾಕಲ್ ಬಾಗುತ್ತದೆ.

ಹೌಸಿಂಗ್‌ಗೂ ಪ್ಲೇಟಿಗೂ ನಡುವೆ ಇಡುವ ಬ್ಲಾಕ್ ಕೊನೆಯದು. ಸ್ಪ್ರಿಂಗ್ ಮೆತ್ತಗೇ ಉಳಿಯುತ್ತದೆ ಎಂಬುದು ಇದರ ಗುಣ. ಆದರೆ ಬ್ಲಾಕ್ ಎತ್ತರವಾದಷ್ಟೂ ಗಾಡಿ ಹೊರಡುವಾಗ ಹೌಸಿಂಗ್ ತಿರುಚಿಕೊಳ್ಳುತ್ತದೆ, ಪ್ಲೇಟ್ ಇಂಗ್ಲಿಷಿನ ಎಸ್ ಆಕಾರಕ್ಕೆ ಬಾಗುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಕೀಲಾದ ಯೂನಿವರ್ಸಲ್ ಜಾಯಿಂಟ್ ಕ್ರಾಸ್ ಬೇಗ ಹೋಗುತ್ತದೆ. ಎರಡು ಇಂಚಿನ ಒಳಗೆ, ಕಬ್ಬಿಣದ್ದೇ, ಪ್ಲೇಟ್‌ಗಳನ್ನು ಪೋಣಿಸುವ ಸೆಂಟರ್ ಬೋಲ್ಟಿನ ತಲೆ ಕೂರುವ ಗುಳಿ ಮತ್ತು ಮೊಳೆ ಎರಡೂ ಇರುವಂಥದ್ದೇ ಇರಲಿ. ಬ್ಲಾಕ್ ಮೇಲೆ ಬ್ಲಾಕ್ ಇಡಬಾರದು, ಮರದ ತುಂಡಂತೂ ಬೇಡವೇ ಬೇಡ. ಮುಂದಿನ ಆಕ್ಸಲಿಗೆ ಬ್ಲಾಕ್ ಯಾವ ಕಾರಣಕ್ಕೂ ಹಾಕುವಂತಿಲ್ಲ. ಜೋರು ಬ್ರೇಕಿನಲ್ಲಿ ಅದು ಜಾರಿದರೆ ಸ್ಟೀರಿಂಗ್ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಪ್ಲೇಟ್ ಸೇರಿಸುವ ಕ್ರಮ

ಹಿಂದಿನ ದಿನವೇ ಯು-ಬೋಲ್ಟ್ (ಪ್ಲೇಟ್ ಸೆಟ್ಟನ್ನು ಆಕ್ಸಲಿಗೆ ಬಿಗಿದಿಡುವ ಯು ಆಕಾರದ ಬೋಲ್ಟ್), ಶ್ಯಾಕಲ್ ನಟ್‌ಗಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಮುಂದಿನ ಗಾಲಿಗಳಿಗೆ ಎರಡೂ ಕಡೆಯಿಂದ ಒತ್ತು ಕೊಡಿ. ಚಾಸಿಯನ್ನು ಹಿಂದಿನ ಸ್ಪ್ರಿಂಗ್ ಹ್ಯಾಂಗರಿನ ಮುಂದೆ ಎರಡು ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಹೌಸಿಂಗ್ ಕೆಳಗೆ ಟ್ರಾಲಿ ಜಾಕ್ ಇಡಿ. ಒಂದು ಕಡೆ ಮುಗಿಸಿ ಇನ್ನೊಂದು ಕಡೆಗೆ ಹೋಗಿ, ಎರಡನ್ನೂ ಒಟ್ಟಿಗೆ ಬಿಚ್ಚಬೇಡಿ.

ಶಾಕ್ ಅಬ್ಸಾರ್ಬರಿನ ಕೆಳಬೋಲ್ಟ್ ಮತ್ತು ಬ್ರೇಕ್ ವಾಲ್ವಿನ ಸರಳು (ಇದರ ವಿವರ ಮುಂದಿದೆ) ಬಿಚ್ಚಿ. ಯು-ಬೋಲ್ಟ್ ತೆಗೆದು ಹೌಸಿಂಗನ್ನು ನಿಧಾನವಾಗಿ ಇಳಿಸಿ, ಬ್ರೇಕ್ ಹೋಸ್ ಬಿಗಿಯಾಗುತ್ತಿದೆಯೇ ಎಂದು ಒಬ್ಬರು ನೋಡುತ್ತಲೇ ಇರಲಿ. ಸೆಂಟರ್ ಬೋಲ್ಟ್ ಬಿಚ್ಚುವ ಮೊದಲು ಅದರ ಎರಡೂ ಪಕ್ಕ ಜಿ-ಕ್ಲಾಂಪ್ ಬಿಗಿಯಿರಿ. ಕ್ಲಾಂಪ್ ಇಲ್ಲದೆ ಬಿಚ್ಚಿದರೆ ಪ್ಲೇಟ್‌ಗಳು ಸಿಡಿದು ಕೈಬೆರಳು ಹೋಗುತ್ತದೆ. ಹೊಸ ಪ್ಲೇಟ್ ಉದ್ದದ ಇಳಿಕೆಯ ಕ್ರಮದಲ್ಲಿ ತನ್ನ ಜಾಗದಲ್ಲಿ ಕೂರಲಿ. ಸೆಂಟರ್ ಬೋಲ್ಟ್ ಹೊಸದು, ಹೈ ಟೆನ್ಸೈಲ್ ಇರಲಿ. ಪ್ಲೇಟ್‌ಗಳ ನಡುವೆ ವೈರ್ ಬ್ರಷ್ ಹೊಡೆದು ತೆಳುವಾಗಿ ಗ್ರ್ಯಾಫೈಟ್ ಗ್ರೀಸ್ ಸವರಿ.

ಹೌಸಿಂಗ್ ಏರಿಸುವಾಗ ಸೆಂಟರ್ ಬೋಲ್ಟಿನ ತಲೆ ಸೀಟಿನ ತೂತಿಗೆ ಸರಿಯಾಗಿ ಬಿದ್ದಿತೇ ಎಂದು ಟಾರ್ಚ್ ಹಾಕಿ ನೋಡಿ. ಬೀಳದೆ ಬಿಗಿದರೆ ಹೌಸಿಂಗ್ ಓರೆಯಾಗಿ ಗಾಡಿ ಏಡಿಯ ಹಾಗೆ ಅಡ್ಡಡ್ಡ ಓಡುತ್ತದೆ. ಯು-ಬೋಲ್ಟ್ ಹೊಸದೇ ಆಗಬೇಕು. ಒಮ್ಮೆ ಬಿಗಿದ ಯು-ಬೋಲ್ಟ್ ಎಳೆದು ಉದ್ದವಾಗಿರುತ್ತದೆ, ಮತ್ತೆ ಬಿಗಿದರೂ ಹಿಡಿತ ನಿಲ್ಲುವುದಿಲ್ಲ. ಸೇರಿಸಿದ ಪ್ಲೇಟ್ ಅಥವಾ ಬ್ಲಾಕ್ ಎಷ್ಟು ದಪ್ಪವೋ ಹಳೆಯದಕ್ಕಿಂತ ಅಷ್ಟು ಹೆಚ್ಚು ಉದ್ದದ ಹೊಸದನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ನಾಲ್ಕು ನಟ್‌ಗಳನ್ನು ಮೂಲೆಗೆ ಮೂಲೆ, ಸ್ವಲ್ಪಸ್ವಲ್ಪವೇ ಬಿಗಿಯುತ್ತ ಬನ್ನಿ, ಕೊನೆಯಲ್ಲಿ ಮ್ಯಾನುಯಲ್‌ನ ಅಂಕಿಗೆ ಟಾರ್ಕ್ ರೆಂಚ್ ಹಾಕಿ.

ಶ್ಯಾಕಲ್ ಬೋಲ್ಟ್, ಪ್ಲೇಟಿನ ತುದಿಯ ಸುರುಳಿಯಲ್ಲಿ ಕೂರುವ ಕಣ್ಣಿನ ಬೋಲ್ಟ್‌ಗಳನ್ನು ಮಾತ್ರ ಆಗಲೇ ಪೂರ್ತಿ ಬಿಗಿಯಬಾರದು. ಗಾಡಿ ಗಾಲಿಯ ಮೇಲೆ ನಿಂತ ಮೇಲೆ ಬಿಗಿಯಬೇಕು. ಗಾಲಿ ತೂಗಾಡುವಾಗಲೇ ಬಿಗಿದರೆ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇರುತ್ತದೆ, ಹೊಸ ಬುಷ್ ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಬುಷ್ ಕಳಪೆ ಎಂದು ಅಂಗಡಿಯವರನ್ನು ಬೈಯುವ ಬಹುಪಾಲು ಪ್ರಕರಣಗಳ ಹಿಂದೆ ಇರುವುದು ಇದೇ.

ಮುಗಿದ ಮೇಲೆ ಮುಂದಿನ ಹಬ್‌ನಿಂದ ಹಿಂದಿನ ಹಬ್‌ಗೆ ಎರಡೂ ಪಕ್ಕ ಟೇಪ್ ಹಿಡಿಯಿರಿ. ಐದಾರು ಮಿ.ಮೀ. ಮೀರಿ ವ್ಯತ್ಯಾಸ ಬಂದರೆ ಮತ್ತೆ ಬಿಚ್ಚಿ.

ಮುಂದೆ: ಯಾವ ಸಸ್ಪೆನ್ಷನ್ ಇದೆಯೋ ಅದರ ಪ್ರಕಾರ

ಟಾಟಾ ಝೆನಾನ್, ಸ್ಕಾರ್ಪಿಯೋ ಗೆಟ್‌ಅವೇ ತರದ ಗಾಡಿಗಳಲ್ಲಿ ಮುಂದೆ ಟಾರ್ಶನ್ ಬಾರ್ ಇರುತ್ತದೆ. ಗಾಲಿಯನ್ನು ಚಾಸಿಗೆ ಜೋಡಿಸುವ ಕೆಳಗಿನ ತೋಳು, ಅಂದರೆ ಆರ್ಮ್‌ನಿಂದ ಹಿಂದಕ್ಕೆ ಚಾಸಿಯುದ್ದಕ್ಕೂ ಹೋಗುವ ಉದ್ದ ಸರಳು, ಅದರ ತುದಿಯಲ್ಲೊಂದು ಅಡ್ಜಸ್ಟಿಂಗ್ ಬೋಲ್ಟ್. ಬೋಲ್ಟ್ ತಿರುಗಿಸಿದರೆ ಗಾಡಿ ಏರುತ್ತದೆ, ಹಣ ಖರ್ಚಿಲ್ಲ. ಅದಕ್ಕೇ ಎಲ್ಲರೂ ಅತಿ ಮಾಡುವುದೂ ಇಲ್ಲೇ.

ಬೋಲ್ಟ್ ತಿರುಗಿಸಿದರೆ ಬಾರ್ ಗಡಸಾಗುವುದಿಲ್ಲ, ಆರ್ಮ್ ನಿಲ್ಲುವ ಜಾಗ ಬದಲಾಗುತ್ತದೆ ಅಷ್ಟೇ. ಮೇಲೇರಿದಷ್ಟು ಗಾಲಿ ಗುಂಡಿಗೆ ಇಳಿಯುವ ಜಾಗ ಕಡಿಮೆ. ಮೇಲಿನ ಆರ್ಮ್, ಗಾಲಿ ಅತಿಯಾಗಿ ಇಳಿಯದಂತೆ ತಡೆಯುವ ರಿಬೌಂಡ್ ರಬ್ಬರಿಗೆ ‘ಟಕ್’ ಎಂದು ಬಡಿಯತೊಡಗಿದರೆ ಅತಿಯಾಯಿತು ಎಂದರ್ಥ. ಗಾಡಿ ನಿಂತಿರುವಾಗ ಆರ್ಮ್‌ಗೂ ಆ ರಬ್ಬರಿಗೂ ಎಷ್ಟು ಅಂತರವಿದೆ ಎಂದು ಮೊದಲೇ ಅಳೆದಿಡಿ. ಅದನ್ನು ಅರ್ಧಕ್ಕಿಂತ ಕಡಿಮೆ ಮಾಡಬೇಡಿ. 25ರಿಂದ 35 ಮಿ.ಮೀ. ಏರಿಕೆಗೆ ನಿಲ್ಲಿಸಿದರೆ ಮುಂದಿನ ಗಾಲಿಗೆ ಶಕ್ತಿ ಕೊಡುವ ಡ್ರೈವ್ ಶಾಫ್ಟಿನ ಕೀಲು, ಅಂದರೆ ಸಿವಿ ಜಾಯಿಂಟ್ ಬದುಕುತ್ತದೆ. ಅದಕ್ಕಿಂತ ಮೇಲೆ ಹೋದರೆ ಜಾಯಿಂಟಿನ ಕೋನ ಕಡಿದಾಗಿ ಅದರ ರಬ್ಬರ್ ಮುಸುಕಾದ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜುತ್ತವೆ, ಹರಿಯುತ್ತವೆ. ಗ್ರೀಸ್ ಹೊರಗೆ, ಕೆಮ್ಮಣ್ಣು ಒಳಗೆ. ಆಮೇಲೆ ತಿರುವಿನಲ್ಲಿ ಟಕಟಕ ಸದ್ದು.

ಕ್ರಮ ಇಷ್ಟು. ಬೋಲ್ಟಿನ ಹೊರಬಂದಿರುವ ಮರೆಯ (ತಿರುಪಿನ ಸುತ್ತುಗಳ ಭಾಗ) ಉದ್ದ ಎರಡೂ ಕಡೆ ಅಳೆದು ಬರೆದಿಡಿ. ಮರೆ ಉಜ್ಜಿ ಗ್ರೀಸ್ ಹಚ್ಚಿ. ಮುಂದಿನ ಚಾಸಿ ಎತ್ತಿ ಗಾಲಿ ತೂಗಾಡಲು ಬಿಟ್ಟು ಆಮೇಲೆ ತಿರುಗಿಸಿ, ಭಾರ ಇರುವಾಗ ತಿರುಗಿಸಿದರೆ ತುಕ್ಕು ಹಿಡಿದ ಮರೆ ಕಿತ್ತುಬರುತ್ತದೆ. ಎರಡೂ ಕಡೆ ಎರಡೆರಡು ಸುತ್ತು ಕೊಟ್ಟು, ಇಳಿಸಿ, ಹಿಂದೆ ಮುಂದೆ ಓಡಿಸಿ, ಅಳೆಯಿರಿ. ಸುತ್ತಿನ ಲೆಕ್ಕ ಎಡ ಬಲ ಒಂದೇ ಬರಬೇಕಿಲ್ಲ, ಎತ್ತರ ಒಂದೇ ಬಂದರೆ ಸಾಕು. ಬಾರ್ ಹೊರತೆಗೆದರೆ ಎಡ ಬಲ ಗುರುತು ಮಾಡಿ. ಅವು ಒಂದೊಂದು ದಿಕ್ಕಿನ ತಿರುಚಿಗೆ ತಯಾರಾದವು, ಅದಲು ಬದಲಾದರೆ ಮುರಿಯುತ್ತವೆ.

ಇಸುಝು ವಿ-ಕ್ರಾಸ್‌ನಂತೆ ಮುಂದೆ ಕಾಯಿಲ್ ಸ್ಪ್ರಿಂಗ್ ಇದ್ದರೆ ಸ್ವಲ್ಪ ಉದ್ದದ ಸ್ಪ್ರಿಂಗ್, ಅದಕ್ಕೆ ಜೋಡಿಯಾದ ಶಾಕ್ ಎರಡನ್ನೂ ಒಟ್ಟಿಗೆ ಹಾಕುವುದೇ ಸರಿ. ಸ್ಟ್ರಟ್ (ಸ್ಪ್ರಿಂಗ್, ಶಾಕ್ ಒಟ್ಟಿಗಿರುವ ಜೋಡಿ) ತಲೆಯ ಮೇಲಿಡುವ ಸ್ಪೇಸರ್ ಎಂಬ ದಪ್ಪ ಬಿಲ್ಲೆ ಅಗ್ಗ, ಆದರೆ ಲೆಕ್ಕ ಮೋಸ ಮಾಡುತ್ತದೆ. ಸ್ಟ್ರಟ್ ಆರ್ಮಿನ ನಡುವೆ ಕೂತಿರುವುದರಿಂದ ತಲೆಯಲ್ಲಿ 25 ಮಿ.ಮೀ. ಇಟ್ಟರೆ ಗಾಲಿಯ ಹತ್ತಿರ ಅದರ ಒಂದೂವರೆಯಿಂದ ಎರಡು ಪಟ್ಟು ಏರುತ್ತದೆ. ‘ಎರಡು ಇಂಚು ಬೇಕು’ ಎಂದು ಎರಡು ಇಂಚಿನ ಸ್ಪೇಸರ್ ತಂದರೆ ಬಾಲ್ ಜಾಯಿಂಟ್ ಮುರಿಯುವ ದಾರಿ. ಸ್ಪ್ರಿಂಗ್ ಬಿಚ್ಚುವಾಗ ಕಂಪ್ರೆಸರ್ ಕಡ್ಡಾಯ. ಅದಿಲ್ಲದ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ.

ಮುಂದೆಯೂ ಪ್ಲೇಟ್ ಇರುವ ಹಳೆಯ ಮಹೀಂದ್ರಾ ಗಾಡಿಗಳಿಗೆ ಹೊಸ ಪ್ಲೇಟ್ ಸೆಟ್ ಬಿಟ್ಟು ಬೇರೆ ದಾರಿ ಹುಡುಕಬೇಡಿ. ಶ್ಯಾಕಲ್ ಮುಂತುದಿಯಲ್ಲಿದ್ದು ಅದನ್ನು ಉದ್ದ ಮಾಡಿದರೆ ಕ್ಯಾಸ್ಟರ್ (ಸ್ಟೀರಿಂಗನ್ನು ನೇರಕ್ಕೆ ತರುವ ಓರೆ ಕೋನ) ಕಡಿಮೆಯಾಗಿ, ಹೈವೇಯಲ್ಲಿ ಗಾಡಿ ಅತ್ತಿತ್ತ ಅಲೆಯುತ್ತದೆ, ಗುಂಡಿ ಹೊಡೆದಾಗ ಸ್ಟೀರಿಂಗ್ ನಡುಗುತ್ತದೆ.

ಬಾಡಿಗೂ ಚಾಸಿಗೂ ನಡುವೆ ರಬ್ಬರ್ ದಿಂಡು ಇಡುವ ಬಾಡಿ ಲಿಫ್ಟ್‌ನಿಂದ ಚಾಸಿ ಒಂದು ಮಿ.ಮೀ. ಕೂಡ ಏರುವುದಿಲ್ಲ. ಸ್ಟೀರಿಂಗ್ ಶಾಫ್ಟ್, ಗೇರ್ ಲಿವರ್, ರೇಡಿಯೇಟರ್ ಫ್ಯಾನ್ ಎಲ್ಲವೂ ಜಾಗ ತಪ್ಪುತ್ತವೆ. ಬಿಟ್ಟುಬಿಡಿ.

ಎತ್ತರದ ಜೊತೆ ಬರುವ ಕೆಲಸಗಳು

ಇವುಗಳಲ್ಲಿ ಮೊದಲನೆಯದು ಬ್ರೇಕ್. ಬಹಳಷ್ಟು ಪಿಕಪ್‌ಗಳಲ್ಲಿ ಹಿಂದಿನ ಹೌಸಿಂಗ್‌ನಿಂದ ಚಾಸಿಗೆ ಒಂದು ಸಣ್ಣ ಸರಳು ಹೋಗುತ್ತದೆ. ಅದರ ತುದಿಯಲ್ಲಿರುವುದು ಲೋಡ್ ನೋಡಿ ಹಿಂದಿನ ಬ್ರೇಕಿನ ಒತ್ತಡ ಹಂಚುವ ವಾಲ್ವ್. ಚಾಸಿಗೂ ಹೌಸಿಂಗ್‌ಗೂ ಎಷ್ಟು ಅಂತರ ಎಂಬುದೇ ಅದಕ್ಕೆ ತೂಕದ ಗುರುತು. ನೀವು ಹಿಂಭಾಗ ಎರಡು ಇಂಚು ಎತ್ತಿದರೆ ಲೋಡ್ ಇದ್ದರೂ ಗಾಡಿ ಖಾಲಿ ಎಂದೇ ಅದು ತಿಳಿದು ಹಿಂದಿನ ಬ್ರೇಕ್ ಕಡಿಮೆ ಮಾಡುತ್ತದೆ. ದೇವರಾಯನದುರ್ಗವನ್ನೋ ನಂದಿ ಬೆಟ್ಟವನ್ನೋ ಭಾರ ಹೊತ್ತು ಇಳಿಯುವಾಗ ಪೂರ್ತಿ ಹೊರೆ ಮುಂದಿನ ಬ್ರೇಕಿನ ಮೇಲೆ ಬಿದ್ದು ಪ್ಯಾಡ್ ಕಾಯುತ್ತದೆ. ಎಷ್ಟು ಎತ್ತಿದ್ದೀರೋ ಅಷ್ಟೇ ಸರಳಿನ ಬ್ರಾಕೆಟ್ಟನ್ನೂ ಎತ್ತರಿಸಿ, ಮ್ಯಾನುಯಲ್ ಹೇಳಿದ ಅಂತರಕ್ಕೆ ಹೊಂದಿಸಬೇಕು. ಸರಳು ಬಿಚ್ಚಿ ಮೇಲಕ್ಕೆ ತಂತಿಯಲ್ಲಿ ಕಟ್ಟಿಬಿಡುವವರೂ ಇದ್ದಾರೆ. ಆಗ ಖಾಲಿ ಗಾಡಿಯಲ್ಲಿ ಮಳೆಯಲ್ಲಿ ಬ್ರೇಕ್ ಒತ್ತಿದರೆ ಹಿಂದಿನ ಗಾಲಿ ಲಾಕ್ ಆಗಿ ಗಾಡಿ ತಿರುಗುತ್ತದೆ.

ಶಾಕ್ ಅಬ್ಸಾರ್ಬರ್ ಉದ್ದ ಸಾಕೇ ನೋಡಿ. ಗಾಲಿ ಪೂರ್ತಿ ತೂಗಾಡುವಾಗ ಸ್ಪ್ರಿಂಗಿಗಿಂತ ಮೊದಲು ಶಾಕ್ ಎಳೆದು ನಿಂತರೆ ಆಕ್ಸಲಿನ ಭಾರವೆಲ್ಲ ಅದರ ಕಣ್ಣಿನ ಮೇಲೆ ಬಿದ್ದು ಬ್ರಾಕೆಟ್ ಕಿತ್ತುಬರುತ್ತದೆ. ಅದೇ ಸ್ಥಿತಿಯಲ್ಲಿ ಬ್ರೇಕ್ ಹೋಸ್, ಹ್ಯಾಂಡ್ ಬ್ರೇಕ್ ಕೇಬಲ್, ಎಬಿಎಸ್ ವೈರ್, ಹೌಸಿಂಗ್‌ಗೆ ಗಾಳಿಯಾಡಿಸುವ ಬ್ರೀದರ್ ಪೈಪ್ ನಾಲ್ಕನ್ನೂ ಕೈಯಲ್ಲಿ ಅಲ್ಲಾಡಿಸಿ, ಸ್ಟೀರಿಂಗ್ ಎರಡೂ ಕೊನೆಗೆ ತಿರುಗಿಸಿ ಮತ್ತೆ ನೋಡಿ.

ಪ್ರೊಪೆಲ್ಲರ್ ಶಾಫ್ಟಿನ ಕೋನ ಬಿಚ್ಚುವ ಮೊದಲೇ ಅಳೆದಿಟ್ಟುಕೊಂಡಿದ್ದರೆ ಈಗ ಉಪಯೋಗಕ್ಕೆ ಬರುತ್ತದೆ. ಫೋನಿನ ಲೆವೆಲ್ ಆ್ಯಪ್ಪನ್ನು ಫ್ಲ್ಯಾಂಜ್ ಮೇಲಿಟ್ಟರೆ ಸಾಕು. ಮೂಲದ್ದಕ್ಕಿಂತ ಹೌಸಿಂಗ್‌ನ ಮೂತಿ ಎರಡು ಡಿಗ್ರಿ ತಿರುಗಿದ್ದರೆ ಅಷ್ಟೇ ಡಿಗ್ರಿಯ ಉಕ್ಕಿನ ವೆಡ್ಜನ್ನು ಪ್ಲೇಟ್ ಮತ್ತು ಸೀಟ್ ನಡುವೆ ಹಾಕಿ. ಅಲ್ಯೂಮಿನಿಯಂ ವೆಡ್ಜ್ ಲೋಡಿಗೆ ಒಡೆಯುತ್ತದೆ. ಎರಡು ತುಂಡಿನ ಶಾಫ್ಟ್ ಇದ್ದು ಹೊರಡುವಾಗ ಮಾತ್ರ ಕೆಳಗಿನಿಂದ ನಡುಗುವ ಗುಮ್ಮೆನ್ನುವ ಸದ್ದು ಬಂದರೆ, ಸೆಂಟರ್ ಬೇರಿಂಗನ್ನು 10–15 ಮಿ.ಮೀ. ವಾಷರ್ ಕೊಟ್ಟು ಇಳಿಸಿ ನೋಡಿ.

ವೀಲ್ ಅಲೈನ್‌ಮೆಂಟ್ ಅದೇ ದಿನ ಮಾಡಿಸಿ, ‘ಟೈರ್ ಸವೆದರೆ ನೋಡೋಣ’ ಎನ್ನಬೇಡಿ. ಟೋ, ಅಂದರೆ ಮುಂದಿನ ಗಾಲಿಗಳು ಒಳಗೋ ಹೊರಗೋ ಮುಖ ಮಾಡುವ ಅಳತೆ, ತಪ್ಪಿದ ಗಾಡಿ ಹೊಸ ಟೈರಿನ ಅಂಚನ್ನು ಬೇಗ ತಿಂದುಹಾಕುತ್ತದೆ. ಹೆಡ್‌ಲೈಟ್ ಗೋಡೆಗೆ ಹಿಡಿದು ಇಳಿಸಿ, ಇಲ್ಲದಿದ್ದರೆ ಎದುರು ಬರುವ ಬೈಕಿನವರ ಕಣ್ಣಿಗೆ ಹೊಡೆಯುತ್ತದೆ. ಹೊರೆ ಕಟ್ಟುವ ಪದ್ಧತಿಯೂ ಬದಲಾಗಬೇಕು. ಗಾಡಿ ಎರಡು ಇಂಚು ಏರಿದರೆ ಬಾಕ್ಸಿನ ಸಾಲೂ ಎರಡು ಇಂಚು ಏರುತ್ತದೆ, ಕೆರೆ ಏರಿಯ ಓರೆಯಲ್ಲಿ ಹಿಂದೆ ಧೈರ್ಯವಾಗಿ ಹೋಗುತ್ತಿದ್ದ ಜಾಗ ಈಗ ಧೈರ್ಯದ್ದಲ್ಲ. ಮೇಲಿನ ಒಂದು ಸಾಲು ಕಡಿಮೆ ಮಾಡಿ.

ನೂರು ಕಿ.ಮೀ. ಓಡಿದ ಮೇಲೆ ಯು-ಬೋಲ್ಟ್‌ಗಳನ್ನು ಮತ್ತೆ ಟಾರ್ಕ್ ಮಾಡಿ, ಐನೂರಕ್ಕೆ ಇನ್ನೊಮ್ಮೆ. ಹೊಸ ಪ್ಲೇಟ್ ಮೊದಲ ಕೆಲವು ಲೋಡಿಗೆ ಐದು ಹತ್ತು ಮಿ.ಮೀ. ಕೂರುವುದು ಸಹಜ. ಅದರಾಚೆ ಇಳಿದರೆ, ಅಥವಾ ಒಂದೇ ಕಡೆ ಇಳಿದರೆ, ಆ ಬದಿಯ ಸೆಂಟರ್ ಬೋಲ್ಟನ್ನು ಮೊದಲು ನೋಡಿ.